ಲೇಪದೊಳಗಣ ಮದ್ದಿನ ಕಾಪು

ಕಾಫಿಯನ್ನು ಬೆಳೆದರೆ ಸಾಲದು, ಕಾಪಾಡಲೂ ಬೇಕೆಂಬುದನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯವರಿಗೆ ಯಾರೂ ಕಲಿಸಬೇಕಾದುದಿಲ್ಲ. ಕಣದಲ್ಲಿ ಚೆನ್ನಾಗಿ ಒಣಗದ ಬೀಜಕ್ಕೆ ಮಳೆಗಾಲದ ತೇವ ತಗುಲಿತೆಂದರೆ ವರುಷದ ದುಡಿಮೆ ಬೂಷ್ಟಿನ ಪಾಲು. ಹೃದಯದ ರಕ್ತನಾಳದೊಳಗೆ ಇಡತಕ್ಕ ಔಷಧಲೇಪಿತ ಸ್ಟೆಂಟಿಗೂ ಇದೇ ನ್ಯಾಯವು ಸಲ್ಲುತ್ತದೆ.

ಬರಿಯ ಲೋಹದ ಸ್ಟೆಂಟನ್ನಿಟ್ಟ ಕಡೆ ಒಳಗಣ ಪೊರೆಯು ಬೆಳೆದು ಎಷ್ಟೋ ಮಂದಿಗೆ ನಾಳವು ಮರಳಿ ಕಿರಿದಾಗುತ್ತಿದ್ದಿತು. ಅದನ್ನು ತಡೆಯಲು ಸಿರೋಲಿಮಸ್ ಎಂಬ ಮದ್ದನ್ನು ಪಾಲಿಮರಿನಲ್ಲಿ ಬೆರೆಸಿ ಲೋಹಕ್ಕೆ ಲೇಪಿಸುವ ಉಪಾಯವು ಹೊರಟಿತು. ಅಂತಹ ಸ್ಟೆಂಟಿಗೆ ಅಮೆರಿಕದಲ್ಲಿ 2003ರಲ್ಲಿ ಅನುಮತಿ ದೊರೆಯಿತು. ಒಂದು ಸ್ಟೆಂಟಿನ ಮೇಲಿರುವ ಮದ್ದು ಒಂದು ಮಿಲಿಗ್ರಾಮಿಗೂ ಕಡಮೆ. ಅದು ವಾರಗಟ್ಟಲೆ ಮೆಲ್ಲಮೆಲ್ಲನೆ ಒಸರಬೇಕು. ಇಷ್ಟು ಅಲ್ಪವಾದುದರಲ್ಲಿಯೂ ಒಂದು ಪಾಲು ಕೆಟ್ಟರೆ ಕೆಲಸಕ್ಕೆ ಉಳಿಯುವುದೇನು?

ಸಿರೋಲಿಮಸ್ ಗಾಳಿಯ ಆಮ್ಲಜನಕಕ್ಕೂ, ಶಾಖಕ್ಕೂ, ಬೆಳಕಿಗೂ ಸೋಲುವ ಪದಾರ್ಥ. ಕ್ರಿಮಿಶುದ್ಧಿಗಾಗಿ ಎಥಿಲೀನ್ ಆಕ್ಸೈಡ್ ಅನಿಲವನ್ನು ಹಾಯಿಸುವಾಗಲೂ ಶಾಖ ಮತ್ತು ತೇವಗಳ ನೆರವು ಬೇಕಾಗುತ್ತದೆ. ಶಾಖವು ಮಿತಿಮೀರಿದರೆ ಪಾಲಿಮರು ಮೆತ್ತಗಾಗಿ ಮದ್ದು ಒಸರುವ ವೇಗವೇ ಬದಲಾದೀತು. ಆದುದರಿಂದಲೇ ಇದರ ಒಡಹುಟ್ಟಿನಂತಿರುವ ಎವೆರೋಲಿಮಸ್ ಮದ್ದಿಗೆ ಆಮ್ಲಜನಕದ ಕಾಟವನ್ನು ತಡೆಯುವ ಬಿ.ಎಚ್.ಟಿ. ಎಂಬ ವಸ್ತುವನ್ನು ಕಿಂಚಿತ್ ಸೇರಿಸುತ್ತಾರೆ. ಸ್ಟೆಂಟನ್ನು ತೇವ ನುಗ್ಗದ ಚೀಲದೊಳಗಿಟ್ಟು ಮುಚ್ಚುತ್ತಾರೆ. ಉಷ್ಣತೆಯ ಮಿತಿಯನ್ನೂ ಕಡೆಯ ದಿನಾಂಕವನ್ನೂ ಅಚ್ಚು ಹಾಕುತ್ತಾರೆ.

2017ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರದವರು ಇಂತಹ ಸ್ಟೆಂಟಿಗೆ 29,600 ರೂಪಾಯಿಗಳ ಮಿತಿಯನ್ನು ಕಟ್ಟಿದುದು ಬಡವರಿಗೆ ಮಹೋಪಕಾರವಾಯಿತು. ಉಪಕರಣಗಳಿಂದಾದ ಕೇಡನ್ನು ವರದಿಮಾಡುವ ವ್ಯವಸ್ಥೆಯು 2015ರಲ್ಲಿಯೇ ಆರಂಭವಾಯಿತು. ವೈದ್ಯಕೀಯ ಉಪಕರಣಗಳ ನಿಯಮಾವಳಿಯು 2018ರ ಜನವರಿ 1ರಿಂದ ಜಾರಿಗೆ ಬಂದಿತು. ಆದರೆ ಅಗ್ಗವಾದುದು ಕೆಡದೆಯೂ ಇರಬೇಕಷ್ಟೆ. ಕಾರ್ಖಾನೆಯಲ್ಲಿ ಪರೀಕ್ಷೆ ಗೆದ್ದ ಲೇಪವು ಬೇಸಗೆಯ ಲಾರಿಯಲ್ಲಿಯೂ ಆಸ್ಪತ್ರೆಯ ಉಗ್ರಾಣದಲ್ಲಿಯೂ ಗೆಲ್ಲಬೇಡವೆ?

ಕಳಸದ ಕೂಲಿಯವನು ಘಟ್ಟವಿಳಿದು ಮಂಗಳೂರಿಗೋ, ಬಯಲು ದಾಟಿ ಬೆಂಗಳೂರಿಗೋ ಹೋಗಿ ಎದೆಯೊಳಗಿಡಿಸಿಕೊಂಡ ವಸ್ತುವನ್ನು ತಾನು ಪರೀಕ್ಷಿಸಲಾರನು. ಅಕ್ಕಿಯಂತೆ ಅಂಗೈಯಲ್ಲಿ ಹಿಡಿದು ನೋಡಲಾರನು. ಆತನ ಪರವಾಗಿ ನೋಡುವ ಹೊಣೆ ಸರಕಾರದ್ದು, ತಯಾರಕರದು, ಆಸ್ಪತ್ರೆಗಳದು. ಸಾಗಣೆಯಲ್ಲಿಯೂ ಉಗ್ರಾಣದಲ್ಲಿಯೂ ಉಷ್ಣತೆಯ ದಿನವಹಿ ಲೆಕ್ಕವಿರಲಿ; ಔಷಧ ನಿಯಂತ್ರಣಾಧಿಕಾರಿಗಳು ಕಾರ್ಖಾನೆಯಿಂದಲ್ಲದೆ ಆಸ್ಪತ್ರೆಯ ಕಪಾಟಿನಿಂದಲೂ ಮಾದರಿಗಳನ್ನು ತೆಗೆದು ಪರೀಕ್ಷಿಸಲಿ; ಸ್ಟೆಂಟಿನ ಹೆಸರು, ಬ್ಯಾಚ್ ಸಂಖ್ಯೆ, ಕಡೆಯ ದಿನಾಂಕಗಳನ್ನು ಪ್ರತಿಯೊಬ್ಬ ರೋಗಿಯ ಕೈಗೂ ಕನ್ನಡದಲ್ಲಿ ಬರೆದುಕೊಡಲಿ.

ಇದನ್ನೋದಿ ಯಾರೂ ಭಯಪಡಬೇಕಾದುದಿಲ್ಲ. ವೈದ್ಯರು ವಿಧಿಸಿದ ಮಾತ್ರೆಗಳನ್ನು ತಾವಾಗಿ ನಿಲ್ಲಿಸಲೂ ಕೂಡದು. ಈ ಸ್ಟೆಂಟುಗಳು ಲಕ್ಷಾಂತರ ಜನರಿಗೆ ನೆರವಾಗಿವೆ. ಆ ನಂಬಿಕೆಯು ನಿಲ್ಲಬೇಕಾದರೆ ಅದಕ್ಕೆ ಆಧಾರವಾದ ಲೆಕ್ಕವೂ ಜನರ ಕಣ್ಣಿಗೆ ಕಾಣಬೇಕೆಂಬುದೇ ನಮ್ಮ ಬೇಡಿಕೆ.