ಕಡಲಿನ ಮೇವಿಗೂ ಲೆಕ್ಕ ಬೇಕು

ಮುಂಗಾರು ಹಿಡಿಯಿತೆಂದರೆ ಕೃಷ್ಣರಾಜಸಾಗರದಲ್ಲಿ ಎಷ್ಟು ಅಡಿ ನೀರಿದೆ, ಆಲಮಟ್ಟಿಗೆ ಒಳಹರಿವು ಎಷ್ಟು ಕ್ಯುಸೆಕ್ ಎಂಬುದು ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಆ ಅಂಕಿ ನೋಡಿಯೇ ನಾಲೆಗೆ ನೀರು ಬಿಡುವ ತೀರ್ಮಾನವಾಗುತ್ತದೆ, ರೈತ ಭತ್ತ ಹಾಕುವುದೋ ಬೇಡವೋ ಎಂದು ಯೋಚಿಸುತ್ತಾನೆ. ಅದೇ ತಿಂಗಳುಗಳಲ್ಲಿ ಕಾರವಾರದಿಂದ ಉಳ್ಳಾಲದವರೆಗಿನ ಕಡಲಿನಲ್ಲೂ ಒಂದು ಬೆಳೆ ಏಳುತ್ತಿರುತ್ತದೆ. ಬೂತಾಯಿ, ಬಂಗುಡೆಗಳ ಇಡೀ ವರ್ಷದ ಹಣೆಬರಹ ನಿಂತಿರುವುದು ಆ ಬೆಳೆಯ ಮೇಲೆ. ಆದರೆ ಈ ಸಲ ಅದು ಹುಲುಸಾಗಿದೆಯೋ ಸೊರಗಿದೆಯೋ ಎಂದು ಯಾರೂ ಸಾರ್ವಜನಿಕರಿಗೆ ಹೇಳುವುದಿಲ್ಲ. ಮೀನುಗಾರಿಕೆಯ ನಿಯಮಗಳನ್ನು ಮಾಡುವವರೂ ಅದನ್ನು ಕೇಳುವುದಿಲ್ಲ. ಈ ಪದ್ಧತಿ ಬದಲಾಗಬೇಕೆಂಬುದು ನನ್ನ ವಾದ.

ಆ ಬೆಳೆಯ ಹೆಸರು ಸಸ್ಯಪ್ಲವಕ. ಬರಿಗಣ್ಣಿಗೆ ಕಾಣದ, ನೀರಿನಲ್ಲಿ ತೇಲುವ ಪಾಚಿಗಳು. ಲೋಕದ ಎಲ್ಲ ಹಸಿರು ಸಸ್ಯಗಳನ್ನು ತಕ್ಕಡಿಗೆ ಹಾಕಿದರೆ ಇವುಗಳ ತೂಕ ನೂರರಲ್ಲಿ ಒಂದು ಪಾಲೂ ಆಗದು, ಆದರೂ ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಇವುಗಳದೇ. ಹುಟ್ಟಿದಷ್ಟೇ ಬೇಗ ಇನ್ನೊಂದರ ಹೊಟ್ಟೆ ಸೇರುವುದರಿಂದ ಇವು ರಾಶಿಯಾಗಿ ಉಳಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಇದಕ್ಕೊಂದು ಋತುವಿದೆ. ಮಳೆಗಾಲದಲ್ಲಿ ದಡದುದ್ದಕ್ಕೂ ದಕ್ಷಿಣಾಭಿಮುಖವಾಗಿ ಬೀಸುವ ಗಾಳಿಯೂ ಭೂಮಿಯ ತಿರುಗುವಿಕೆಯೂ ಸೇರಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್, ಸಿಲಿಕಾ ತುಂಬಿರುತ್ತವೆ, ಕಡಲಿಗೆ ಅದೇ ಗೊಬ್ಬರ. ಆ ಗೊಬ್ಬರ ಉಂಡು ಗಾಜಿನಂಥ ಚಿಪ್ಪಿನ ಡಯಾಟಮ್‌ಗಳು ದಿನದೊಪ್ಪತ್ತಿನಲ್ಲಿ ಇಮ್ಮಡಿಯಾಗುತ್ತವೆ. ಬೂತಾಯಿಯ ಕಿವಿರಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾದ ಎಳೆಗಳಿವೆ. ಅದು ನೀರು ಸೋಸಿ ಈ ಮೇವನ್ನು ಹಿಡಿಯುತ್ತದೆ. ಬೂತಾಯಿ ತಿಂದರೆ ಹೃದಯಕ್ಕೆ ಒಳ್ಳೆಯದು ಎನ್ನುತ್ತಾರಲ್ಲ, ಆ ಒಮೆಗಾ-3 ಕೊಬ್ಬು ಮೊದಲು ತಯಾರಾಗುವುದೂ ಇಂಥ ಪಾಚಿಗಳಲ್ಲೇ.

ಈ ಮೇವನ್ನು ಅಳೆಯುವ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ. 1999ರಲ್ಲಿ ಹಾರಿದ ಓಷನ್‌ಸ್ಯಾಟ್‌ನಿಂದ 2022ರ ನವೆಂಬರಿನ ಓಷನ್‌ಸ್ಯಾಟ್-3ರವರೆಗೆ ನಮ್ಮ ಉಪಗ್ರಹಗಳು ಕಡಲಿನ ಬಣ್ಣ ನೋಡಿ ಹರಿತ್ತಿನ ಪ್ರಮಾಣ ಹೇಳುತ್ತಿವೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅದನ್ನೂ ನೀರಿನ ಉಷ್ಣತೆಯನ್ನೂ ಸೇರಿಸಿ, ಮೀನು ಎಲ್ಲಿ ಸಿಕ್ಕೀತೆಂದು ಮೀನುಗಾರರಿಗೆ ತಿಳಿಸುತ್ತದೆ. ಡೀಸೆಲ್ ಉಳಿಸುವ ಒಳ್ಳೆಯ ಸೇವೆ ಅದು. ನನ್ನ ತಕರಾರು ಬೇರೆ: ಹುಲ್ಲು ಎಲ್ಲಿದೆಯೆಂದು ತಿಳಿದು ದನವನ್ನು ಹುಡುಕಲು ಹೋಗುವ ನಾವು, ಹುಲ್ಲು ಎಷ್ಟಿದೆಯೆಂದು ತಿಳಿದು ಎಷ್ಟು ದನವನ್ನು ಉಳಿಸಬೇಕೆಂದು ಯೋಚಿಸಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಮೇವು ಬೇಗ ಬಂದ ವರ್ಷಕ್ಕೂ ತಡವಾದ ವರ್ಷಕ್ಕೂ ಬಾರದ ವರ್ಷಕ್ಕೂ ಅದೇ ತಾರೀಖು.

ಇದರ ಬೆಲೆ ಏನೆಂದು ನೆರೆಯ ಕೇರಳ ಕಂಡಿದೆ. 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡಕ್ಕೆ ಬಂತು. 2021ರಲ್ಲಿ ಬಂದದ್ದು ಮೂರೂವರೆ ಸಾವಿರ ಟನ್ನಿಗೂ ಕಡಿಮೆ. ಅತಿಯಾಗಿ ಹಿಡಿದದ್ದೇ ಕಾರಣ ಎಂದವರಿದ್ದಾರೆ, ಕಡಲು ಬಿಸಿಯಾದದ್ದು ಕಾರಣ ಎಂದವರೂ ಇದ್ದಾರೆ. ನನಗೆ ಇವೆರಡೂ ಬೇರೆ ಬೇರೆಯೆಂದು ತೋರುವುದಿಲ್ಲ. ಮೇವು ಕಡಿಮೆಯಾದ ವರ್ಷದಲ್ಲಿ ಹಿಂದಿನ ವರ್ಷದಷ್ಟೇ ಹಿಡಿದರೂ ಅದು ಅತಿಯೇ. 1940ರ ದಶಕದಲ್ಲಿ, ದಕ್ಷಿಣ ಕನ್ನಡವಿನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಬೂತಾಯಿ ಕಾಣೆಯಾಯಿತೆಂದು ಸರ್ಕಾರ ಬಲೆಗಳ ಮೇಲೆ ನಿರ್ಬಂಧ ಹಾಕಿತು. ಫಲ ಕಾಣದೆ ಹಿಂತೆಗೆದುಕೊಂಡಿತು. ಮೀನು ಮರಳಿದ್ದು ಆಮೇಲಿನ ದಶಕದಲ್ಲಿ. ಕಡಲಿನ ಸ್ಥಿತಿ ನೋಡದೆ ಬಲೆಯನ್ನಷ್ಟೇ ನೋಡುವ ನಿಯಮ ಎಷ್ಟು ಕುರುಡೆಂಬುದಕ್ಕೆ ಇದು ಸಾಕ್ಷಿ. ಅಂದಿಗಿಂತ ಇಂದು ಅಪಾಯ ಹೆಚ್ಚು. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಸಸ್ಯಪ್ಲವಕ ಶೇ 20ರವರೆಗೆ ಕುಸಿದಿರಬಹುದೆಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಬಿಸಿಯಾದ ಮೇಲ್ಪದರ ಹಗುರಾಗಿ ಮುಚ್ಚಳದಂತೆ ಕೂರುತ್ತದೆ. ಕೆಳಗಿನ ಗೊಬ್ಬರ ಮೇಲೇರುವುದಿಲ್ಲ.

ಹಸಿರಿದ್ದಲ್ಲೆಲ್ಲ ಮೀನಿರುತ್ತದೆಯೇ ಎಂದು ತಿಳಿದವರು ಕೇಳುತ್ತಾರೆ. ಇರುವುದಿಲ್ಲ, ಆಕ್ಷೇಪ ಸರಿಯಾದದ್ದೇ. ಆಳದಿಂದ ಏರುವ ನೀರಿನಲ್ಲಿ ಆಮ್ಲಜನಕ ಕಡಿಮೆ; ಆ ಕೊರತೆ ಮಿತಿಮೀರಿದರೆ ಮೇವಿದ್ದರೂ ಮೀನು ಉಳಿಯದು. ನಗರದ ಕೊಳಚೆ ಅಳಿವೆಗೆ ಸೇರಿ ಬೆಳೆಸುವ ಪಾಚಿಯೂ ಉಪಗ್ರಹಕ್ಕೆ ಹಸಿರಾಗಿಯೇ ಕಾಣುತ್ತದೆ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ಜನ ಬೆರಗಿನಿಂದ ನೋಡಿದರು. ಹಾಗೆ ಹೊಳೆಯುವ ನಾಕ್ಟಿಲ್ಯೂಕಾ ಡಯಾಟಮ್‌ಗಳನ್ನೇ ತಿಂದು ಮೀನಿನ ಪಾಲಿಗೆ ಕೈಹಾಕುವ ಜೀವಿ. ಸಾಲದ್ದಕ್ಕೆ, ಮೇವು ಏಳುವ ತಿಂಗಳುಗಳಲ್ಲೇ ಮೋಡ ಕವಿದು ಉಪಗ್ರಹದ ಕಣ್ಣು ಕಟ್ಟುತ್ತದೆ. ಇದೆಲ್ಲ ಲೆಕ್ಕವನ್ನು ಕೈಬಿಡಲು ಕಾರಣವಲ್ಲ. ನೀರನ್ನು ಬಾಟಲಿಗೆ ತುಂಬಿ, ಸೂಕ್ಷ್ಮದರ್ಶಕದಡಿ ಯಾವ ಪಾಚಿ ಎಷ್ಟಿದೆಯೆಂದು ಎಣಿಸಲೇಬೇಕು ಎಂಬುದಕ್ಕೆ ಕಾರಣ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಎರಡು ತಿಂಗಳು ದೋಣಿ ಕಟ್ಟಿ ಕೂರುವವರ ಮೇಲೆ ಇನ್ನೊಂದು ಹೊರೆಯೇ? ಕಡಿವಾಣ ಅವರಿಂದ ಶುರುವಾಗಬಾರದು. ಮೇವು ಸೊರಗಿದ ವರ್ಷದಲ್ಲಿ ಮೊದಲು ನಿಲ್ಲಬೇಕಾದದ್ದು ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗುವ ಮರಿಮೀನು. ಅದು ಊಟದ ತಟ್ಟೆಗೂ ಬರದೆ, ಮೊಟ್ಟೆಯಿಡುವಷ್ಟು ಬೆಳೆಯದೆ ಹಿಟ್ಟಾಗುತ್ತಿದೆ. ಅದಾದ ಮೇಲೂ ದುಡಿಮೆ ನಿಲ್ಲಿಸಬೇಕಾಗಿ ಬಂದರೆ, ಬರಗಾಲದಲ್ಲಿ ರೈತನಿಗೆ ಕೊಡುವಂತೆ ಮೀನುಗಾರರಿಗೂ ಪರಿಹಾರ ಕೊಡಬೇಕು. ಕಡಲಿಗೂ ಬರ ಬರುತ್ತದೆಂದು ಒಪ್ಪಲು ಅಳತೆ ಬೇಕು. ಆ ಅಳತೆಗೆ ಕೈಗಳು ಆಗಲೇ ಇವೆ: ಮಳೆಗಾಲದಲ್ಲೂ ಕಡಲಿಗಿಳಿಯುವ ನಾಡದೋಣಿಯವರು. ವಾರಕ್ಕೊಮ್ಮೆ ಕಾರವಾರ, ಮಲ್ಪೆ, ಮಂಗಳೂರಿನಿಂದ ಅವರು ತರುವ ನೀರಿನ ಮಾದರಿಗೆ ಕೂಲಿ ಕೊಟ್ಟು, ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಎಣಿಸಿ, ಆ ಅಂಕಿಯನ್ನು ಜಲಾಶಯಗಳ ಮಟ್ಟದ ಪಕ್ಕದಲ್ಲೇ ಅಚ್ಚು ಹಾಕಬಹುದು. ಮುಂದಿನ ಜೂನ್‌ನಲ್ಲೇ ಶುರು ಮಾಡಬಹುದಾದ ಕೆಲಸವಿದು.