ಪ್ರಾಸಕ್ಕೆ ಸಿಕ್ಕ ಹೆಸರು

ಕಳೆದ ಭಾನುವಾರ ನನ್ನ ಅಕ್ಕನ ಮೊಮ್ಮಗ ತುಮಕೂರಿನ ನಮ್ಮ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನೆ. ಬಂದವನೇ, "ತಾತ, ನಾನೊಂದು ಮಿಕ್ಸ್‌ಟೇಪ್ ಮಾಡಿದ್ದೀನಿ. ಯೂಟ್ಯೂಬಿಗೆ ಹಾಕೋ ಮುಂಚೆ ನೀವು ಕೇಳಬೇಕು" ಎಂದು ಇಯರ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿದ. ಟೇಪು ಎಲ್ಲಿದೆಯಪ್ಪ ಎಂದೆ. ಟೇಪು ಇಲ್ಲವಂತೆ, ಹೆಸರು ಮಾತ್ರ ಉಳಿದಿದೆಯಂತೆ. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದು ಭಾವಗೀತೆ ಮನೆಮನೆ ಹೊಕ್ಕ ಕಾಲವನ್ನು ಕಂಡ ನಮಗೆ, ಟೇಪಿಲ್ಲದ ಟೇಪು ಒಂದು ಸೋಜಿಗ.

ಒಟ್ಟು ಏಳು ಹಾಡುಗಳು, ಎಲ್ಲವೂ ಸೇರಿ ಒಂದೇ ಕಥೆ. ತುಮಕೂರಿನ ಬಸ್ ನಿಲ್ದಾಣದಲ್ಲಿ ಕುಣಿಗಲ್ಲಿನ ಹುಡುಗಿಯೊಬ್ಬಳನ್ನು ಕಾಣುವುದರಿಂದ ಮೊದಲಾಗಿ, ಒಂದು ಸಂಜೆ ಅವಳು "ಇನ್ನು ಬೇಡ" ಎಂದು ಬಸ್ಸು ಹತ್ತಿ ಹೋಗುವಲ್ಲಿಗೆ ಕೊನೆ. ಬಸ್ಸು ಹೆಬ್ಬೂರು ದಾಟಿರಬಹುದು ಎಂದು ಲೆಕ್ಕ ಹಾಕುತ್ತ ಇವನು ನಿಲ್ದಾಣದಲ್ಲೇ ಕುಳಿತಿರುವ ಆರನೆಯ ಹಾಡನ್ನು ಎರಡು ಸಲ ಕೇಳಿದೆ. ಹುಡುಗ ನೋವನ್ನು ಕಲ್ಪಿಸಿಕೊಂಡು ಬರೆದಿಲ್ಲ.

ಮೇಷ್ಟ್ರು ರ‍್ಯಾಪ್ ಎಂದೊಡನೆ ಮೂಗು ಮುರಿದಿರಬೇಕು ಎಂದು ನನ್ನ ಶಿಷ್ಯರಲ್ಲಿ ಹಲವರು ಭಾವಿಸಬಹುದು. ಇಲ್ಲ. ಹಾಡು ಕೇಳುತ್ತ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿದೆ. ನಾಲ್ಕು ನಾಲ್ಕು ಮಾತ್ರೆಯ ಗಣಗಳು, ಎರಡೆರಡು ಸಾಲಿಗೆ ಅಂತ್ಯಪ್ರಾಸ. ಇದು ನಾನು ಮೂವತ್ತೈದು ವರ್ಷ ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿಸಿದ ಮಂದಾನಿಲ ರಗಳೆಗೆ ದೂರದ ನೆಂಟಸ್ತಿಕೆಯುಳ್ಳದ್ದು. ಅವನಪ್ಪ "ಮನೆಯಲ್ಲಿ ದಿನವೂ ಇದೇ ರಗಳೆ" ಎಂದು ಬೈಯುತ್ತಾನಂತೆ. ತಿಳಿಯದೆಯೇ ಸರಿಯಾದ ಹೆಸರನ್ನಿಟ್ಟಿದ್ದಾನೆ! ಇನ್ನು ಹೊರಗಿನ ರೂಪ ಎಂಬ ಆಕ್ಷೇಪ. ರ‍್ಯಾಪು 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬೀದಿಗಳಲ್ಲಿ ಹುಟ್ಟಿದ್ದು ನಿಜ. ಆದರೆ ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀಯವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದಾಗ ಅದೂ ಹೊರಗಿನದೇ ಆಗಿತ್ತು. ಹೊಸಗನ್ನಡದ ಭಾವಗೀತೆ ಬೆಳೆದದ್ದು ಆ ಹೊಲದಲ್ಲಿಯೇ. ಚಂದನ್ ಶೆಟ್ಟಿ, ಆಲ್ ಓಕೆ ಮುಂತಾದವರು ಕನ್ನಡದ ನಾಲಿಗೆಗೆ ರ‍್ಯಾಪನ್ನು ಒಗ್ಗಿಸಿದ್ದಾರೆ. ಎಲ್ಲವೂ ನನಗೆ ರುಚಿಸುವುದಿಲ್ಲ, ಅದು ಬೇರೆ ಮಾತು.

ನನ್ನ ತಕರಾರು ಏಳನೆಯ ಹಾಡಿನ ಬಗ್ಗೆ. ಅದರಲ್ಲಿ ಆ ಹುಡುಗಿಯ ಹೆಸರಿದೆ. ಒಂದು ಸಲವಲ್ಲ, ಪ್ರತಿ ಎರಡನೆಯ ಸಾಲಿನ ಕೊನೆಯಲ್ಲಿ. ಅವಳು ಮೋಸಗಾತಿ, ಕಲ್ಲೆದೆಯವಳು ಎಂಬ ಬೈಗುಳವಿದೆ. ಅವಳ ಬೀದಿಯ ಗುರುತೂ ಇದೆ. ಆದರೆ ಏಳು ಹಾಡುಗಳಲ್ಲಿ ಎಲ್ಲಿಯೂ ಅವಳ ಮಾತು ಒಂದಿಲ್ಲ. ಅವಳು ಏಕೆ ಬೇಡವೆಂದಳು? ಮನೆಯಲ್ಲಿ ಗೊತ್ತಾಯಿತೋ, ಇವನೇ ಸಾಕಾದನೋ, ಓದು ಮುಖ್ಯವೆನಿಸಿತೋ? ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರ ಪುಸ್ತಕ. ಅಲ್ಲಿ ಹೆಣ್ಣು ಬರಿಯ ವರ್ಣನೆಯ ವಸ್ತುವಲ್ಲ, ತಾನೇ ಬಾಯಿ ತೆರೆದು ಮಾತನಾಡುತ್ತಾಳೆ. ಇಂದಿನ ‘ಲವ್ ಫೇಲ್ಯೂರ್’ ಹಾಡುಗಳಲ್ಲಿ, ಸಿನಿಮಾದವನ್ನೂ ಸೇರಿಸಿ, ಸೋತ ಹುಡುಗ ಒಬ್ಬನೇ ಫಿರ್ಯಾದಿ, ಒಬ್ಬನೇ ಸಾಕ್ಷಿ, ಒಬ್ಬನೇ ನ್ಯಾಯಾಧೀಶ.

ಹೀಗೆ ಹೇಳುವ ಯೋಗ್ಯತೆ ನನಗಿದೆಯೇ ಎಂದರೆ, ಇಲ್ಲ. ಅದನ್ನು ಅವನಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ‘ಮೈಸೂರು ಮಲ್ಲಿಗೆ’ ನಾಗಾಭರಣರ ಚಲನಚಿತ್ರವಾಗಿ ಬಂದ ಕಾಲ. ಆಗ ನಾನು ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಹತ್ತನೆಯ ತರಗತಿಯ ಹುಡುಗನೊಬ್ಬನ ನೋಟ್‌ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪ್ರೇಮಪದ್ಯಗಳು ಸಿಕ್ಕವು. ಅದೇ ವಾರ ನಾನೇ ನರಸಿಂಹಸ್ವಾಮಿಯವರ ಪದ್ಯಗಳನ್ನು ತನ್ಮಯನಾಗಿ ಪಾಠ ಮಾಡಿದ್ದೆ. ಆದರೂ ಹುಡುಗನನ್ನು ಎದ್ದು ನಿಲ್ಲಿಸಿ, ಅವನ ಪದ್ಯಗಳನ್ನು ಇಡೀ ತರಗತಿಗೆ ಅಣಕದ ದನಿಯಲ್ಲಿ ಓದಿದೆ. ಮೂರನೆಯ ಪದ್ಯದಲ್ಲಿ ಒಂದು ಹೆಸರಿತ್ತು. ಅದನ್ನೂ ಓದಿಬಿಟ್ಟೆ. ಆ ಹೆಸರಿನ ಹುಡುಗಿ ಎರಡನೆಯ ಬೆಂಚಿನಲ್ಲಿ ಕುಳಿತಿದ್ದಳು. ಆ ಪದ್ಯಗಳ ವಿಷಯ ಅವಳಿಗೆ ತಿಳಿದಿತ್ತೋ ಇಲ್ಲವೋ ದೇವರೇ ಬಲ್ಲ.

ಹುಡುಗ ಎರಡು ದಿನ ತಲೆ ತಗ್ಗಿಸಿಕೊಂಡಿದ್ದು ಮೂರನೆಯ ದಿನ ಆಟಕ್ಕೆ ಹೋದ. ಹುಡುಗಿ ಮರುದಿನದಿಂದ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಗುರುತು ಹಾಕುತ್ತ ಹೋದೆನೇ ಹೊರತು ಅವಳ ಮನೆಗೆ ಹೋಗುವ ಧೈರ್ಯ ಮಾಡಲಿಲ್ಲ. ಪರೀಕ್ಷೆಗೆ ಮೊದಲೇ ಮದುವೆ ಮಾಡಿದರೆಂದು ಆಮೇಲೆ ಕೇಳಿದೆ. ಗಣಿತದಲ್ಲಿ ಬಹಳ ಚುರುಕಾಗಿದ್ದಳೆಂದು ಸಹೋದ್ಯೋಗಿಗಳು ಹೇಳುತ್ತಿದ್ದರು.

ಅಂದು ನಲವತ್ತು ಮಕ್ಕಳು ಕೇಳಿದ್ದರು. ಇಂದು ಫೋನಿಗೆ ಬಿದ್ದ ಹಾಡು ಸಂಜೆಯೊಳಗೆ ಕುಣಿಗಲ್ಲಿನ ಎಲ್ಲ ಬೀದಿಗಳನ್ನೂ ತಲುಪಬಲ್ಲದು. ನೋವು ಅವನದು, ಹಾಡುವ ಹಕ್ಕೂ ಅವನದೇ. ಹೆಸರು ಮಾತ್ರ ಅವಳದು.

ಅವನು ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ಸರಿ ತಾತ. ಆದರೆ ಹೆಸರು ತೆಗೆದರೆ ಪ್ರಾಸ ಕೆಟ್ಟುಹೋಗುತ್ತೆ."

ಗೋವಿಂದ ಪೈಗಳು 1911ರಷ್ಟು ಹಿಂದೆಯೇ ಆದಿಪ್ರಾಸವನ್ನು ಕೈಬಿಟ್ಟರು ಕಣೋ, ಅಂತ್ಯಪ್ರಾಸವನ್ನು ನೀನೊಂದು ಸಲ ಬಿಟ್ಟರೆ ಕನ್ನಡವೇನೂ ಮುಳುಗದು ಎಂದೆ. ಹುಡುಗ ಒಪ್ಪಲಿಲ್ಲ. ರ‍್ಯಾಪಿನಲ್ಲಿ ಪ್ರಾಸವೇ ಪ್ರಾಣವಂತೆ. ಅವನ ಮಾತೂ ಸರಿಯೇ. ಮುಂದಿನ ಭಾನುವಾರದ ತನಕ ಹಾಡನ್ನು ತಡೆಹಿಡಿಯಲು ಒಪ್ಪಿದ್ದಾನೆ. ಅಲ್ಲಿಯವರೆಗೆ ಅದೇ ಪ್ರಾಸಕ್ಕೆ ಹೊಂದುವ, ಯಾರ ಹೆಸರೂ ಅಲ್ಲದ, ನಾಲ್ಕು ಮಾತ್ರೆಯ ಪದವೊಂದನ್ನು ಹುಡುಕಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಿಘಂಟು ತೆಗೆದಿಟ್ಟುಕೊಂಡು ಕುಳಿತಿದ್ದೇನೆ.