ಎಳ್ಳಮಾವಾಸ್ಯೆಗೆ ಬಾರದವರು

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ದುಡಿಯುವ ಮಂದಿಗೆ ಪರದೇಶ ಅಂದರೆ ಗೋವಾ. ಮಳೆ ಕೈಕೊಟ್ಟ ವರ್ಷ ಊರಲ್ಲಿ ಒಂದೊಂದೇ ಮನೆಗೆ ಕೀಲಿ ಬೀಳುತ್ತದೆ. ಕಟ್ಟೆ ಮೇಲೆ ಕುಳಿತ ಮುದುಕರನ್ನು ಕೇಳಿದರೆ ‘ದುಡ್ಯಾಕ ಹೋಗ್ಯಾರ’ ಎಂಬ ಒಂದೇ ಉತ್ತರ. ಸರ್ಕಾರಿ ಕಡತ ಅದನ್ನು ಗುಳೆ ಎಂದು ಬರೆದುಕೊಂಡು ಬರಗಾಲದ ಲೆಕ್ಕಕ್ಕೆ ಸೇರಿಸಿ ಮುಗಿಸುತ್ತದೆ. ಅಮೆರಿಕಕ್ಕೆ ಹೋದವರು ಅನಿವಾಸಿಗಳು, ಗೋವಾದ ವಾಸ್ಕೊಕ್ಕೆ ಹೋದವರು ಗುಳೆ ಹೋದವರು. ಹೊರನಾಡ ಕನ್ನಡಿಗರ ಊರಿನ ಹಂಬಲದ ಬಗ್ಗೆ ಕಿವಿಗೆ ಬೀಳುವ ಮಾತೆಲ್ಲ ವಿಮಾನ ಹತ್ತಿದವರದೇ. ಇದು ಸರಿಯಲ್ಲ.

ಗದಗದಿಂದ ಹೊರಟ ರೈಲು ಹುಬ್ಬಳ್ಳಿ, ಲೋಂಡಾ ದಾಟಿ ದೂಧಸಾಗರದ ಘಟ್ಟ ಇಳಿದರೆ ವಾಸ್ಕೊ. ಅಲ್ಲಿ ಬೈನಾ, ಝುವಾರಿನಗರದ ಓಣಿಗಳಲ್ಲಿ ಉತ್ತರ ಕರ್ನಾಟಕದ ಮಾತೇ ಕೇಳುತ್ತದೆ. ಗಂಡಸರಿಗೆ ಕಟ್ಟಡ, ಬಂದರು, ಹೋಟೆಲಿನ ಕೆಲಸ. ತಾಂಡಾಗಳಿಂದ ಹೋದ ಲಂಬಾಣಿ ಹೆಣ್ಣುಮಕ್ಕಳು ಕಲಂಗುಟ್ ದಂಡೆಯಲ್ಲಿ ಮಣಿಸರ, ಕಸೂತಿ ಚೀಲ ಮಾರುತ್ತಾರೆ. ದಾರಿ ಒಂದು ದಿನದ್ದೂ ಅಲ್ಲ. ಆದರೂ ಇಳಿದ ಕೂಡಲೇ ಅನ್ನ, ಭಾಷೆ, ಹವೆ ಮೂರೂ ಬೇರೆ. ಊರಿಂದ ಬಟ್ಟೆಯಲ್ಲಿ ಸುತ್ತಿ ತಂದ ಖಡಕ್ ರೊಟ್ಟಿ ಸಮುದ್ರದ ಹವೆಗೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಅದನ್ನು ಹಂಚಿನ ಮೇಲೆ ಮತ್ತೆ ಕಾಯಿಸಿ, ಗುರೆಳ್ಳು ಹಿಂಡಿ ಹಚ್ಚಿ, ಮುರಿದಾಗ ಸಪ್ಪಳ ಬರುವತನಕ ಕಾಯುವ ಹೆಂಗಸಿಗೆ ಊರಿನ ನೆನಪು ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಎಳ್ಳಮಾವಾಸ್ಯೆ. ಎರಿ ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಹೂ ಕಾಯಿ ಕಟ್ಟುತ್ತಿರುತ್ತದೆ. ಇಡೀ ಮನೆ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಸಜ್ಜಿರೊಟ್ಟಿ, ಕಡುಬು, ಬದನೆಕಾಯಿ ಪಲ್ಯದ ಚರಗ ಚೆಲ್ಲುತ್ತದೆ. ಚರಗ ಭೂತಾಯಿಗೆ ಬಡಿಸುವ ಊಟ. ಈ ಹಬ್ಬ ಬೀಳುವುದು ಡಿಸೆಂಬರ್ ಕೊನೆ, ಜನವರಿಯ ಸುಮಾರಿಗೆ. ಗೋವಾದಲ್ಲಿ ಕ್ರಿಸ್‌ಮಸ್, ಹೊಸ ವರ್ಷದ ಪ್ರವಾಸಿಗರು ತುಂಬಿ ತುಳುಕುವುದೂ ಆಗಲೇ. ಆ ಹದಿನೈದು ದಿನ ದಂಡೆ ಬಿಟ್ಟು ಬಂದರೆ ವರ್ಷದ ಗಳಿಕೆ ಹೋಯಿತು. ನಾಗರ ಪಂಚಮಿ ಹಾಗಲ್ಲ. ಮಳೆಗಾಲಕ್ಕೆ ಅಲ್ಲಿ ಕೆಲಸ ಇಳಿಯುವುದರಿಂದ ಉಂಡಿ ತಿನ್ನಲು, ಜೋಕಾಲಿ ಆಡಲು ತವರಿಗೆ ಬಂದವರುಂಟು. ಭೂಮಿಯ ಹಬ್ಬಕ್ಕೆ ಮಾತ್ರ ಭೂಮಿಯ ಮಕ್ಕಳೇ ಇರುವುದಿಲ್ಲ.

ಗಡಿ ದಾಟಿದರೆ ಕಾಗದಗಳೂ ಬದಲಾಗುತ್ತವೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗೋವಾದ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಅಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಅಲ್ಲಿ ಮೀಸಲಾತಿ ಸಿಗದು. 2020ರ ಜನವರಿಯಲ್ಲಿ ಎರಡೂ ರಾಜ್ಯಗಳು ಒಂದು ದೇಶ ಒಂದು ಪಡಿತರ ಚೀಟಿಗೆ ಸೇರಿದವು. ಆದರೆ ಅಲ್ಲಿನ ಅಂಗಡಿ ಕೊಡುವುದು ಅಕ್ಕಿ, ಜೋಳವಲ್ಲ. ಮಕ್ಕಳನ್ನು ಕರೆದೊಯ್ದರೆ ಕನ್ನಡ ಕಲಿಯುವುದು ಕಷ್ಟ, ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟರೆ ತಾಯಿಗೆ ನಿದ್ದೆಯಿಲ್ಲ. ಇನ್ನು ತಲೆ ಮೇಲಿನ ಸೂರು: ಬೈನಾ ದಂಡೆಯ ಕನ್ನಡಿಗರ ಮನೆಗಳ ಮೇಲೆ 2015ರಲ್ಲಿ ಒಮ್ಮೆ, 2017ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಜೆಸಿಬಿ ಹರಿಯಿತು. ಮಳೆಯಲ್ಲಿ ಪಾತ್ರೆಪಗಡ ಹೊತ್ತು ಬೀದಿಗೆ ಬಂದವರ ಪರವಾಗಿ ಬೆಂಗಳೂರಿನಿಂದ ಹೊರಟ ಹೇಳಿಕೆಗಳು ನಾಲ್ಕು ದಿನವೂ ಬಾಳಲಿಲ್ಲ.

ಕಾನೂನು ಇರಲಿಲ್ಲ ಎನ್ನುವಂತಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲೇ ಬಂತು. ಗುತ್ತಿಗೆದಾರ ಪರವಾನಗಿ ಪಡೆಯಬೇಕು, ಕಾರ್ಮಿಕನಿಗೆ ಭಾವಚಿತ್ರವಿರುವ ಪಾಸ್‌ಬುಕ್ ಕೊಡಬೇಕು, ಹೋಗಿಬರುವ ಖರ್ಚಿನ ಜೊತೆಗೆ ಸ್ಥಳಾಂತರ ಭತ್ಯೆ ಕೊಡಬೇಕು ಎಂದು ಅದು ಹೇಳಿತು. ಆದರೆ ಅದರ ರಕ್ಷಣೆ ಇದ್ದದ್ದು ಗುತ್ತಿಗೆದಾರನ ಮೂಲಕ ಹೋದವರಿಗೆ ಮಾತ್ರ. ರೋಣದ ಮನುಷ್ಯ ಹೋಗುವುದು ಮಾವನ ಮಗ ಫೋನ್ ಮಾಡಿ ಕರೆದ ಅಂತ. ಅವನಿಗೆ ಪಾಸ್‌ಬುಕ್ ಕೊಡುವವರು ಯಾರಿದ್ದರು? ವಿದೇಶದಲ್ಲಿರುವವರಿಗಾಗಿ ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಇರಲಿ. ಅಂಥದೇ ಒಂದು ಕಚೇರಿ ವಾಸ್ಕೊದಲ್ಲಿ ಬಾಗಿಲು ತೆರೆದು, ಜಾತಿ ಪ್ರಮಾಣಪತ್ರ, ಪಹಣಿ, ಪಿಂಚಣಿ ಕೆಲಸ ಅಲ್ಲೇ ಮಾಡಿಕೊಟ್ಟರೆ ಒಂದು ಸಹಿಗಾಗಿ ವಾರದ ಕೂಲಿ ಬಿಟ್ಟು ಊರಿಗೆ ಓಡಿ ಬರುವುದು ತಪ್ಪುತ್ತದೆ.

ಇವರು ಹೋಗುವುದಕ್ಕೆ ಕಾರಣ ಮಳೆಯೊಂದೇ ಅಲ್ಲ, ನದಿಯ ನೀರೂ ಹೌದು. ನವಿಲುತೀರ್ಥದ ಮಲಪ್ರಭಾ ಜಲಾಶಯ 37.73 ಟಿಎಂಸಿಯದು, ಅದು ತುಂಬಿದ ವರ್ಷಗಳಿಗಿಂತ ತುಂಬದ ವರ್ಷಗಳೇ ಹೆಚ್ಚು. ಅದಕ್ಕೇ ಖಾನಾಪುರದ ಕಾಡಿನಲ್ಲಿ ಹುಟ್ಟಿ ಪಣಜಿಯ ಬಳಿ ಮಾಂಡೋವಿಯಾಗಿ ಕಡಲು ಸೇರುವ ಮಹದಾಯಿಯ ಪಾಲು ಕೇಳಿ ನರಗುಂದದ ರೈತರು 2015ರ ಜುಲೈನಲ್ಲಿ ಧರಣಿ ಕೂತರು, ವರ್ಷಗಟ್ಟಲೆ ಏಳಲಿಲ್ಲ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದಿತು, ಅದರಲ್ಲಿ ಕಳಸಾ–ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9. ನದಿಯ ನೀರಿಗೆ ದಶಾಂಶದತನಕ ಲೆಕ್ಕ ಹಾಕಿದ್ದಾರೆ. ಅದೇ ಘಟ್ಟ ಇಳಿದು ಹೋದ ಮಂದಿ ಎಷ್ಟು ಸಾವಿರ ಎಂಬ ಲೆಕ್ಕವನ್ನು ಮೂರೂ ತಾಲ್ಲೂಕಿನ ತಹಶೀಲ್ದಾರರು ಬರುವ ಎಳ್ಳಮಾವಾಸ್ಯೆಯೊಳಗೆ ಕೊಡಲಿ.